ವಕೀಲರ ಕೋಣೆಗೆ ಕಾಗದವಿಲ್ಲ

ಅದೊಂದು ಗುರುವಾರ, ಎರಡನೆಯ ಪೀರಿಯಡ್. ಒಂಬತ್ತನೇ ತರಗತಿ ‘ಬಿ’ ವಿಭಾಗಕ್ಕೆ ತ್ರಾಪಿಜ್ಯದ ವಿಸ್ತೀರ್ಣ ಹೇಳಿಕೊಡುತ್ತಿದ್ದೆ. ಸೂತ್ರವನ್ನು ಬೋರ್ಡಿನ ಮೇಲೆ ಬರೆದು ಮುಗಿಸುವ ಹೊತ್ತಿಗೆ ಮುಖ್ಯೋಪಾಧ್ಯಾಯರು ಬಾಗಿಲಲ್ಲಿ ಬಂದು ನಿಂತರು. ಅವರು ಯಾರ ತರಗತಿಯ ಬಾಗಿಲಿಗೂ ಬರುವವರಲ್ಲ, ಕರೆದು ಕಳಿಸುವವರು. ನಾನು ಸೀಮೆಸುಣ್ಣ ಕೆಳಗಿಟ್ಟೆ.

ನಮ್ಮ ಯಜಮಾನರು ಮಧುಗಿರಿಯಲ್ಲಿ ವಕೀಲರಾಗಿದ್ದರು. ಕೊಲೆ, ಕಳವು, ಗಂಡ ಹೆಂಡಿರ ಜಗಳ ಯಾವುದನ್ನೂ ಮುಟ್ಟುತ್ತಿರಲಿಲ್ಲ. ಅಂಗಡಿ ಮಳಿಗೆ, ಲಾಡ್ಜು, ಗೋಡೌನು, ಕಲ್ಯಾಣ ಮಂಟಪ, ಇವುಗಳ ಮಾಲೀಕರಿಗೆ ಬಾಡಿಗೆ ಕರಾರು ಬರೆದುಕೊಡುವುದು, ನೋಟೀಸು ಕಳಿಸುವುದು, ಕಾಗದ ಪತ್ರ ಜೋಪಾನ ಮಾಡುವುದು, ಇಷ್ಟೇ ಅವರ ಕೆಲಸ. ಆವತ್ತು ಶಿರಾದ ಒಂದು ಲಾಡ್ಜಿನ ಕರಾರಿಗೆ ಸಹಿ ಹಾಕಿಸಲು ಹೋಗಿದ್ದರು. ಎರಡೂ ಕಡೆಯವರು ಸಹಿ ಮಾಡಿದ ಮೇಲೆ ಕಾಗದ ತಿರುವಿ ನೋಡಿ, “ಎರಡನೇ ಪುಟಕ್ಕೆ ಸಹಿ ಬಿಟ್ಟಿದ್ದೀರಿ” ಎಂದರಂತೆ. ಹೇಳಿ ಕುರ್ಚಿಗೆ ಒರಗಿದರಂತೆ. ಆಸ್ಪತ್ರೆಗೆ ತಲುಪುವ ಮೊದಲೇ ಎಲ್ಲ ಮುಗಿದಿತ್ತು. ಎರಡನೇ ಪುಟಕ್ಕೆ ಆಮೇಲೆ ಸಹಿ ಆಯಿತೇ ಎಂದು ಒಂದು ವಾರದ ನಂತರ ಫೋನ್ ಮಾಡಿ ವಿಚಾರಿಸಿದೆ. ಆಗಿತ್ತು.

ಇಪ್ಪತ್ತಾರು ವರ್ಷ ಅವರು ಬರೆದ ಪ್ರತಿಯೊಂದು ಕರಾರಿನ ಕರಡನ್ನೂ ನಾನು ಓದಿ ತಿದ್ದಿದ್ದೇನೆ. ಕಾನೂನು ಅವರದು, ಅಡಿ, ಅಂಗುಲ, ದಿಕ್ಕು, ಕಾಗುಣಿತ ನನ್ನದು. ಆದ್ದರಿಂದ ಕಟ್ಟಡ ಕಟ್ಟಿದವರು ಮತ್ತು ಕಟ್ಟಡದಲ್ಲಿ ಕೂತವರು ಎಂಥ ಗಂಭೀರ ಮುಖದಲ್ಲಿ ಎಂಥ ಕೆಲಸ ಮಾಡುತ್ತಾರೆ ಎಂಬುದು ನನಗೆ ಹೊಸತಲ್ಲ. ಆದರೆ ಅವರು ಹೋದ ಮೇಲಿನ ಮೂರು ತಿಂಗಳಲ್ಲಿ ಅಂಥ ಪ್ರಸಂಗಗಳು ಆದಷ್ಟು ಅವರಿದ್ದಾಗಲೂ ಆಗಿರಲಿಲ್ಲ. ಸಾವಿನ ಮನೆಯ ಮರ್ಯಾದೆಗೂ ಅವು ನಿಲ್ಲಲಿಲ್ಲ.

ಎಡಗೈ

ಹನ್ನೊಂದನೆಯ ದಿನದ ತಿಥಿ. ಮನೆ ಮುಂದೆ ಶಾಮಿಯಾನದಲ್ಲಿ ಊಟಕ್ಕೆ ಎಲೆ ಹಾಕಿತ್ತು. ಕೊರಟಗೆರೆಯಲ್ಲಿ ಮಳಿಗೆ ಇರುವ ಮಾಲೀಕರೊಬ್ಬರು ಬಂದಿದ್ದರು. ಅವರ ಮಳಿಗೆಯಲ್ಲೇ ಬೇಕರಿ ಇಟ್ಟಿರುವ ಬಾಡಿಗೆದಾರನೂ ಬಂದಿದ್ದ. ಬೇಕರಿಯ ಹೊಗೆ ಕೊಳವೆ ಮಾಲೀಕರ ಕಿಟಕಿಗೆ ಮುಖ ಮಾಡಿದೆ ಎಂದು ನಾಲ್ಕು ವರ್ಷದಿಂದ ಇಬ್ಬರಿಗೂ ಮಾತಿಲ್ಲ, ನೋಟೀಸಿನಲ್ಲಷ್ಟೇ ವ್ಯವಹಾರ. ಬಡಿಸುವವರಿಗೆ ಇದೆಲ್ಲ ಗೊತ್ತಿಲ್ಲ. ಅಕ್ಕಪಕ್ಕದ ಎಲೆಗೆ ಕೂರಿಸಿಬಿಟ್ಟರು. ಅನ್ನ ಬಿದ್ದ ಮೇಲೆ ಪಂಕ್ತಿಯಿಂದ ನಡುವೆ ಏಳುವ ಹಾಗಿಲ್ಲ.

ಸಾರಿನವರೆಗೆ ಇಬ್ಬರೂ ತಲೆ ಎತ್ತಲಿಲ್ಲ. ಆಮೇಲೆ ಮಾಲೀಕರು ಎಲೆಯನ್ನು ನೋಡುತ್ತಲೇ ಕೇಳಿದರು.

“ಆ ಕೊಳವೆ ಯಾವಾಗ್ಲಾ ತಿರುಗುಸ್ತೀಯಾ?”

“ನೋಟೀಸ್‌ನಾಗೆ ಕೇಳಿದೀರಲ್ಲ, ಉತ್ರನೂ ನೋಟೀಸ್‌ನಾಗೇ ಬತ್ತದೆ ಬುಡಿ.”

“ಬರ್ಯೋ ಪುಣ್ಯಾತ್ಮರೇ ಹೋದ್ರಲ್ಲಪ್ಪಾ, ಇನ್ಯಾರಿಗೆ ಕಾಯಾನ?”

ಪಾಯಸ ಬಂತು. ಬೇಕರಿಯವನು ಸ್ವಲ್ಪ ಮೆತ್ತಗಾದ. “ತಿರುಗ್ಸಕ್ಕೆ ನಾನೇನು ಬ್ಯಾಡ ಅಂದ್ನಾ? ಹಿತ್ಲು ಗೋಡೆ ಕೊರೀಬೇಕು. ಗೋಡೆ ಮುಟ್ಟಂಗಿಲ್ಲ ಅಂತ ನೀವೇ ಬರ್ಸಿದೀರಿ.”

“ನನ್ ಗೋಡೆ. ಕೊರ್ಕೋ ಓಗು.”

“ಬಾಯ್ ಮಾತು ನಂಬಕಾಗಕಿಲ್ಲ. ಬರ್ಕೊಡಿ.”

“ಈಗ್ಲೇ ಬರ್ಕೊಡ್ತೀನಿ ಕಣ್ಲಾ!”

ಮಾಲೀಕರು ಕೂತಲ್ಲಿಂದಲೇ ಕೂಗಿದರು. ಯಜಮಾನರ ಜೂನಿಯರ್ ವಕೀಲೆ ಓಡಿ ಬಂದಳು. ಐ.ಡಿ.ಹಳ್ಳಿಯ ಹುಡುಗಿ, ಏಳು ವರ್ಷದಿಂದ ಅವರ ಹತ್ತಿರ ಕೆಲಸ ಮಾಡಿದವಳು. ಕೈಗೆ ಸಿಕ್ಕಿದ ತಿಥಿ ಕಾರ್ಡಿನ ಹಿಂಭಾಗದಲ್ಲಿ ನಾಲ್ಕು ಸಾಲು ಬರೆದಳು. ಇಬ್ಬರ ಬಲಗೈಯೂ ಎಂಜಲು, ಎದ್ದು ತೊಳೆಯುವಂತಿಲ್ಲ. ಎಡಗೈಯಲ್ಲೇ ಸಹಿ ಮಾಡಿದರು. ಪಂಕ್ತಿ ಏಳುವಾಗ ಜೊತೆಯಲ್ಲೇ ಎದ್ದರು.

ಮರುದಿನ ಆ ಕಾರ್ಡನ್ನು ಛಾಪಾ ಕಾಗದಕ್ಕೆ ಇಳಿಸಲು ಇಬ್ಬರೂ ಆಫೀಸಿಗೆ ಬಂದರು. ಜೂನಿಯರ್ ಕಾರ್ಡು ತೋರಿಸಿದಳು. ಮಾಲೀಕರು ನೋಡಿ, “ಇದು ನನ್ ಸಹಿ ಅಲ್ಲ” ಎಂದರು. ಬೇಕರಿಯವನೂ ಇಣುಕಿ ನೋಡಿ, “ನಂದೂ ಅಲ್ಲ” ಎಂದ. ನಾಲ್ಕು ವರ್ಷದಲ್ಲಿ ಅವರಿಬ್ಬರೂ ಒಮ್ಮತದಿಂದ ಹೇಳಿದ ಮೊದಲ ಮಾತು ಅದು.

ಬೀರು

ಅದೇ ತಿಥಿಯ ದಿನ, ಆಫೀಸಿನ ಕಟ್ಟಡದ ಮಾಲೀಕರಾದ ಸಾಹುಕಾರರೂ ಬಂದಿದ್ದರು. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವರ ಕಟ್ಟಡ. ಕೆಳಗೆ ಅವರದೇ ಎಣ್ಣೆ ಅಂಗಡಿ. ಮೇಲೆ ಮೂರು ಕೋಣೆ, ಅದರಲ್ಲಿ ರಸ್ತೆ ಕಡೆಯದು ಯಜಮಾನರ ಆಫೀಸು. ಹಣೆ ತುಂಬ ವಿಭೂತಿ, ಮೆಲುಮಾತು. ಕೈತೊಳೆದು ಬಂದು ನನ್ನೆದುರು ನಿಂತರು.

“ಟೀಚರಮ್ಮಾ, ಹೇಳಬಾರದ ದಿನ ಹೇಳ್ತಾ ಇದ್ದೀನಿ. ರಕ್ತ ಪರೀಕ್ಷೆ ಲ್ಯಾಬಿನೋರು ಇಡೀ ಮಹಡಿ ಕೇಳ್ತಾ ಇದ್ದಾರೆ. ಆತುರ ಇಲ್ಲ. ಮೂರು ತಿಂಗಳು ತಗೊಳ್ಳಿ.”

ಆ ಕೋಣೆ ಹೋದರೆ ಜೂನಿಯರ್‌ಗೆ ಕೂರಲು ಜಾಗವಿಲ್ಲ. ತುಮಕೂರಿನಲ್ಲಿ ಯಾರದಾದರೂ ಆಫೀಸಿನ ಮೂಲೆಗೆ ಹೋಗಬೇಕು. ನಾಲ್ಕು ತಾಲ್ಲೂಕಿನ ನಲವತ್ತೊಂದು ಮಾಲೀಕರ ಕಡತಗಳು ಆ ಕೋಣೆಯ ಎರಡು ಬೀರುಗಳಲ್ಲಿದ್ದವು. ಅವನ್ನೆಲ್ಲ ಅವರವರಿಗೆ ಹಿಂತಿರುಗಿಸಿ ಬಾಗಿಲಿಗೆ ಬೀಗ ಹಾಕಬೇಕು. ಅಲ್ಲಿಗೆ ಇಪ್ಪತ್ತಾರು ವರ್ಷದ ಕೆಲಸ ಮುಗಿಯಿತು.

“ಹೆದರಬೇಡಿ ಮೇಡಂ” ಎಂದಳು ಜೂನಿಯರ್. “ನಮ್ಮ ಕರಾರಿನಲ್ಲಿ ಏನಿದೆ ನೋಡೋಣ. ಸರ್ ಬರೆದ ಕರಾರು ಅಂದ್ಮೇಲೆ ಸುಮ್ನೆ ಎಬ್ಬಿಸಕ್ಕಾಗಲ್ಲ.”

ಭಾನುವಾರ ಇಡೀ ಹುಡುಕಿದೆವು. ಪಕ್ಕದ ದರ್ಜಿಯ ಕರಾರು ಸಿಕ್ಕಿತು. ಆಚೆ ಕೋಣೆಯ ವಿಮಾ ಏಜೆಂಟರ ಕರಾರು ಸಿಕ್ಕಿತು. ಮೆಟ್ಟಿಲ ಕೆಳಗೆ ವಾಚು ರಿಪೇರಿ ಮಾಡುವವನಿಗೆ ಮೂರಡಿ ಜಾಗಕ್ಕೆ ಬರೆದುಕೊಟ್ಟ ಐದು ಪುಟದ ಕರಾರೂ ಸಿಕ್ಕಿತು. ಅದರಲ್ಲಿ ಅವನ ಸ್ಟೂಲನ್ನು ಯಾವ ದಿಕ್ಕಿಗೆ ಹಾಕಬೇಕೆಂದೂ ಇತ್ತು. ನಮ್ಮ ಕೋಣೆಯದು ಮಾತ್ರ ಇರಲಿಲ್ಲ. ಬರೆದೇ ಇರಲಿಲ್ಲ. ಇಡೀ ಕಟ್ಟಡದಲ್ಲಿ ಕಾಗದವಿಲ್ಲದೆ ಕೂತಿದ್ದ ಬಾಡಿಗೆದಾರರು ವಕೀಲರೊಬ್ಬರೇ.

ಮುಯ್ಯಿ

ಸರಿ, ಮೂರು ತಿಂಗಳಲ್ಲಿ ನಲವತ್ತೊಂದು ಜನರನ್ನೂ ಕೇಳುವುದೆಂದು ತೀರ್ಮಾನ ಮಾಡಿದೆವು. ಕಾಗದ ವಾಪಸ್ಸು ಬೇಕೋ, ಇಲ್ಲ ಜೂನಿಯರ್ ಹತ್ತಿರವೇ ಮುಂದುವರಿಯುತ್ತೀರೋ? ಹೆಚ್ಚಿನವರು ಉಳಿದರೆ ಬೇರೆಲ್ಲಾದರೂ ಕೋಣೆ ಹುಡುಕಬಹುದು. ಉಳಿಯದಿದ್ದರೆ ಹುಡುಕುವ ಅಗತ್ಯವೇ ಇಲ್ಲ. ಶಾಲೆಗೆ ರಜೆ ಇದ್ದ ದಿನ ನಾನೂ ಜೊತೆಗೆ ಹೋಗುತ್ತಿದ್ದೆ.

ಹಾಗೆ ಒಂದು ಭಾನುವಾರ ಶಿರಾಕ್ಕೆ ಹೋದಾಗ ಅಲ್ಲಿಯ ಶಾದಿ ಮಹಲ್‌ನ ಮಾಲೀಕರು ಗೇಟಿನಲ್ಲೇ ಸಿಕ್ಕರು. ಕಾಗದದ ಮಾತು ಎತ್ತಲೂ ಬಿಡಲಿಲ್ಲ.

“ಅರೆ ಮೇಡಂ, ಒಳ್ಳೆ ಟೈಮಿಗೆ ಬಂದ್ರಿ. ಭಾರಿ ಪರೇಶಾನಿ ಆಗೋಗಿದೆ. ಈ ಮದುವೆಯೋರು ನಾಲ್ಕು ಗಂಟೆಗೆ ಖಾಲಿ ಮಾಡ್ಬೇಕು. ಕೇಳಿದ್ರೆ ನಾಳೆ ಬೀಗರೂಟನೂ ಇಲ್ಲೇ ಮುಗಿಸ್ತೀವಿ ಅಂತಾರೆ. ನಾಳೆ ಮದುವೆಯೋರು ನೋಡಿ, ಪಾತ್ರೆ ಲಾರಿ ಸಮೇತ ಬಂದು ನಿಂತವ್ರೆ. ನಾನು ಯಾರಿಗೆ ಜವಾಬು ಹೇಳ್ಲಿ?”

ಆಗ ಮೂರು ಗಂಟೆ. ಜೂನಿಯರ್ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಕೂತು ಹತ್ತು ನಿಮಿಷದಲ್ಲಿ ನೋಟೀಸು ಸಿದ್ಧ ಮಾಡಿದಳು. ನಾನು ಎರಡು ಕಡೆ ತಿದ್ದಿದೆ. ಲಕೋಟೆಗೆ ಹಾಕಿ ಒಳಗೆ ಹೋದೆವು. ಬಾಗಿಲಲ್ಲಿ ಪನ್ನೀರು ಚಿಮುಕಿಸಿದರು. ಹುಡುಗಿಯ ಕಡೆಯ ಹಿರಿಯರೊಬ್ಬರು ಎರಡೂ ಕೈಯಲ್ಲಿ ಲಕೋಟೆ ಇಸಿದುಕೊಂಡರು.

“ಸರ್, ಇದು ಬಹಳ ಮುಖ್ಯವಾದದ್ದು” ಎಂದಳು ಜೂನಿಯರ್.

“ನಿಮ್ಮಂಥೋರು ಬಂದಿದ್ದೇ ಮುಖ್ಯ ಕಣಮ್ಮ. ಊಟ ಮಾಡ್ಕಂಡೇ ಓಗ್ಬೇಕು” ಎಂದು ನಮ್ಮ ಕೈಗೆ ತೆಂಗಿನಕಾಯಿ ಚೀಲ ಕೊಟ್ಟು, ಲಕೋಟೆಯನ್ನು ಉಡುಗೊರೆ ಬರೆದುಕೊಳ್ಳುವ ಮುಯ್ಯಿ ಮೇಜಿಗೆ ದಾಟಿಸಿಬಿಟ್ಟರು.

ಮುಯ್ಯಿ ಮೇಜಿನಲ್ಲಿ ಒಬ್ಬರು ಲಕೋಟೆ ಒಡೆದು ಪುಸ್ತಕಕ್ಕೆ ಬರೆಯುವುದು, ಇನ್ನೊಬ್ಬರು ಮೈಕಿನಲ್ಲಿ ಕೂಗುವುದು. ಮಧ್ಯಾಹ್ನದಿಂದ ಒಂದೇ ರಾಗದಲ್ಲಿ ಕೂಗಿ ಕೂಗಿ ಅವರಿಗೆ ಅರ್ಥದ ಕಡೆ ಗಮನವಿರಲಿಲ್ಲ.

“ಮಧುಗಿರಿ ವಕೀಲಮ್ಮನವರು… ವಧೂವರರಿಗೆ… ಈ ನೋಟೀಸು ತಲುಪಿದ ಕೂಡಲೇ… ಸದರಿ ಮಂಟಪವನ್ನು ಖಾಲಿ ಮಾಡತಕ್ಕದ್ದು… ತಪ್ಪಿದಲ್ಲಿ ಕಾನೂನು ರೀತ್ಯ ಕ್ರಮ… ಶುಭವಾಗಲಿ!”

ವಾದ್ಯದವರು ಅಭ್ಯಾಸಬಲದಿಂದ ಒಂದು ಸುತ್ತು ಬಾರಿಸಿದರು. ಮದುಮಗಳ ಅಜ್ಜಿ ಮೊದಲು ಎದ್ದರು. “ಏಳ್ರೋ, ಎದ್ದೇಳ್ರೋ! ಮೈಕ್‌ನಾಗೆ ಹೇಳುಸ್ಕಂಡು ಕೂತ್ಕಬೇಕಾ? ಮಾನ ಓಯ್ತು!”

ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಮಂಟಪ ಖಾಲಿ. ಮಾಲೀಕರು ಎರಡೂ ಕೈ ಎತ್ತಿ ನಮಗೆ ಸಲಾಂ ಮಾಡಿದರು. “ಕಾಗದ ವಾಪಸ್ಸಾ? ಯಾತಕ್ಕೆ ಮೇಡಂ? ಇಂಥ ಲಾಯರನ್ನ ಬಿಟ್ಟು ಎಲ್ಲೋಗ್ಲಿ?”

ಹೊರಡುವಾಗ ಜೂನಿಯರ್ ಮುಯ್ಯಿ ಪುಸ್ತಕದಲ್ಲಿ ಇಣುಕಿ ಬಂದಳು. ಮುಖ ಗಂಭೀರವಾಗಿತ್ತು. ಪುಸ್ತಕದಲ್ಲಿ ‘ವಕೀಲಮ್ಮ, ಮಧುಗಿರಿ, ನೋಟೀಸು: ಒಂದು’ ಎಂದು ಬರೆದುಕೊಂಡಿದ್ದರಂತೆ. ಬಸ್ಸಿನಲ್ಲಿ ಬಹಳ ಹೊತ್ತು ಯೋಚಿಸಿ ಕೇಳಿದಳು: “ಮುಯ್ಯಿ ಅಂದ್ಮೇಲೆ ತಿರುಗಿ ಹಾಕಲೇಬೇಕಲ್ವಾ ಮೇಡಂ? ನನ್ನ ಮದುವೆಗೆ ಅವರು ಏನು ತರ್ತಾರೆ?”

ವಾರಸುದಾರಳು

ಪಾವಗಡದಲ್ಲಿ ಆದದ್ದಕ್ಕೆ ಸ್ವಲ್ಪ ಮಟ್ಟಿಗೆ ನಾನೂ ಜವಾಬ್ದಾರಳು.

ಅಲ್ಲಿಯ ಮಾಲೀಕರೊಬ್ಬರು ಫೋನಿನಲ್ಲಿ ಕೂಗಾಡಿದರು. ಅವರ ಅಂಗಡಿಯಲ್ಲಿ ಒಂಬತ್ತು ವರ್ಷ ಹಾರ್ಡ್‌ವೇರ್ ವ್ಯಾಪಾರ ಮಾಡಿದವನು ಖಾಲಿ ಮಾಡಿ ಹೋಗುವ ದಿನ ಒಳಗೆ ಕಸ ಸುರಿದಿದ್ದಾನೆ, ಅವನ ಮೇಲೆ ಕೇಸು ಹಾಕಬೇಕು ಎಂದು. ಹೋಗಿ ನೋಡಿದೆವು. ಅಂಗಡಿ ಗುಡಿಸಿ ಒರೆಸಿ ಕನ್ನಡಿಯ ಹಾಗಿತ್ತು. ಆದರೆ ಆಗ್ನೇಯ ಮೂಲೆಯಲ್ಲಿ ಎದೆಯೆತ್ತರ ಕಡಲೆಕಾಯಿ ಸಿಪ್ಪೆಯ ರಾಶಿ. ಅದರ ಪಕ್ಕ ಕಾಲು ಮುರಿದ ಬೆಂಚು.

“ಚೂಡಂಡಿ ಮೇಡಂ, ನೋಡಿ!” ಎಂದರು ಮಾಲೀಕರು, ಅಲ್ಲಿಯವರ ಕನ್ನಡದಲ್ಲಿ ಅರ್ಧ ತೆಲುಗು. “ಇದು ಅಂಗಡೀನಾ, ತಿಪ್ಪೇನಾ? ಏಂ ಮನಿಷಿ ಇವನು!”

ಬಾಡಿಗೆದಾರ ಕೈಕಟ್ಟಿ ನಿಂತಿದ್ದ. “ನೇನೇಂ ತಪ್ಪು ಚೇಸಿನಾನು ಮೇಡಂ? ಲಾಯರ್ ಸಾರು ಬರ್ದಿದ್ದೇ ಮಾಡಿದೀನಿ” ಎಂದು ಜೇಬಿನಿಂದ ಕರಾರಿನ ಪ್ರತಿ ತೆಗೆದ.

ಹನ್ನೆರಡನೆಯ ಕಲಮು: ‘ಮಳಿಗೆಯನ್ನು ವಶಕ್ಕೆ ಪಡೆದ ದಿನ ಹೇಗಿತ್ತೋ ಹಾಗೆಯೇ ಹಿಂತಿರುಗಿಸತಕ್ಕದ್ದು.’ ಅದರ ಹಿಂದೆ ಆ ದಿನ ಮಳಿಗೆಯಲ್ಲಿದ್ದ ವಸ್ತುಗಳ ಪಟ್ಟಿ. ಕಾಲು ಮುರಿದ ಬೆಂಚು, ಒಂದು. ಕಡಲೆಕಾಯಿ ಸಿಪ್ಪೆಯ ರಾಶಿ, ಒಂದು, ಅಂದಾಜು ನಾಲ್ಕು ಮೂಟೆ, ಆಗ್ನೇಯ ಮೂಲೆ. ‘ಆಗ್ನೇಯ’ ಎಂಬ ಪದ ನನ್ನದು. ಕರಡಿನಲ್ಲಿ ನೈಋತ್ಯ ಎಂದಿದ್ದುದನ್ನು ನಾನು ತಿದ್ದಿದ್ದೆ.

“ಸಿಪ್ಪೆ ನಾನು ಸೇರಿದ ವಾರವೇ ಹೊರಗೆ ಹಾಕಿದ್ದೆ” ಎಂದ ಅವನು. “ಈಗ ಮಿಲ್ಲಿಂದ ನಾಲ್ಕು ಮೂಟೆ ತಂದು ಸುರಿದೆ. ಬೆಂಚೂ ಹಳೇದು ಹುಳು ತಿಂದು ಹೋಗಿತ್ತು. ಹೊಸದು ಮಾಡಿಸಿ ಕಾಲು ಮುರಿಸಿದೆ. ಬಡಗಿ ಮುರಿಯಲ್ಲ ಅಂದ, ನಾನೇ ಮುರಿದೆ.”

ಜೂನಿಯರ್ ಪಟ್ಟಿಯ ಮೂರನೆಯ ಸಾಲಿನ ಮೇಲೆ ಬೆರಳಿಟ್ಟಳು. ‘ಬೆಕ್ಕು, ಕಂದು ಬಣ್ಣ, ಒಂದು. ಮಾಲೀಕರದ್ದಲ್ಲ.’ ಆ ಸಾಲು ನನಗೆ ಚೆನ್ನಾಗಿ ನೆನಪಿದೆ. ಬೆಕ್ಕು ಯಾಕೆ ಎಂದು ನಾನು ಆಗಲೇ ಕೇಳಿದ್ದೆ. “ಇತ್ತು. ಇದ್ದದ್ದನ್ನ ಇದ್ದ ಹಾಗೆ ಬರೀಬೇಕು” ಎಂದಿದ್ದರು.

“ಬೆಕ್ಕು ಎಲ್ಲಿ?” ಎಂದಳು ಜೂನಿಯರ್.

ಬಾಡಿಗೆದಾರನ ಮುಖ ಸಣ್ಣಗಾಯಿತು. “ಅದಿ ಸಚ್ಚಿಪೋಯಿಂದಿ ಮೇಡಂ. ಸತ್ತು ಮೂರು ವರ್ಷ ಆಯ್ತು” ಎಂದವನು ಹೊರಗೆ ಹೋಗಿ ಒಂದು ರಟ್ಟಿನ ಪೆಟ್ಟಿಗೆ ತಂದು ನಮ್ಮ ಮುಂದೆ ಇಟ್ಟ. ಒಳಗೆ ಕಂದು ಬಣ್ಣದ ಮರಿ. “ಅದರ ಮೊಮ್ಮಗಳು. ಬೇರೆ ವಾರಸುದಾರರು ಯಾರೂ ಇಲ್ಲ.”

ಗಡಿ

ಸಿದ್ದರಬೆಟ್ಟದ ಬುಡದಲ್ಲಿ ತೋವಿನಕೆರೆಯ ಮಾಲೀಕರೊಬ್ಬರಿಗೆ ಒಂದು ನಿವೇಶನ ಇದೆ. ಅದನ್ನು ಹೋಟೆಲ್ ನಡೆಸುವವನೊಬ್ಬನಿಗೆ ಕರಾರಿಗೆ ಕೊಟ್ಟಿದ್ದರು. ಆ ಕರಾರು ನಮ್ಮವರು ಬರೆದದ್ದಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ನಮ್ಮವರು ಹೋದ ಮೇಲೆ ಆತುರಕ್ಕೆ ಮಾಲೀಕರು ತಾವೇ ಬರೆದುಕೊಂಡದ್ದು. ನಿವೇಶನದ ಚಕ್ಕುಬಂದಿ ಹೀಗಿತ್ತು: ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಬೆಟ್ಟ, ಉತ್ತರಕ್ಕೆ ಟೀ ಅಂಗಡಿ, ದಕ್ಷಿಣಕ್ಕೆ ಸೌತೆಕಾಯಿ ಅಜ್ಜಿ.

ಅಜ್ಜಿ ಅಲ್ಲಿ ಎಷ್ಟೋ ವರ್ಷದಿಂದ ಸೌತೆಕಾಯಿ ಮಾರುತ್ತಾರೆ. ಬೆಟ್ಟ ಹತ್ತುವವರಿಗೆಲ್ಲ ಗೊತ್ತು. ಮಾಲೀಕರಿಗೆ ಅದಕ್ಕಿಂತ ಖಾಯಂ ಗುರುತು ಹೊಳೆಯಲಿಲ್ಲ. ತೊಂದರೆ ಏನೆಂದರೆ ಅಜ್ಜಿ ಮರದ ನೆರಳಿನಲ್ಲಿ ಕೂರುತ್ತಾರೆ. ನೆರಳು ಜರುಗಿದ ಹಾಗೆ ಅಜ್ಜಿಯೂ ಜರುಗುತ್ತಾರೆ. ಹೋಟೆಲಿನವನು ಅಜ್ಜಿ ದೂರ ಇದ್ದ ಹೊತ್ತು ನೋಡಿ ಬೇಲಿ ಹಾಕಿದ್ದ. ಮಾಲೀಕರು ಅಜ್ಜಿ ಹತ್ತಿರ ಇದ್ದ ಹೊತ್ತಿಗೆ ಬಂದು ಜಗಳ ತೆಗೆದಿದ್ದರು.

ನಾನು ಟೇಪು ತೆಗೆದುಕೊಂಡು ಹೋಗಿದ್ದೆ. ಬೆಳಿಗ್ಗೆ ಒಂಬತ್ತಕ್ಕೆ ಅಳೆದರೆ ಟೀ ಅಂಗಡಿಯಿಂದ ಅಜ್ಜಿಗೆ ಅರವತ್ತು ಅಡಿ. ಮಧ್ಯಾಹ್ನ ಒಂದಕ್ಕೆ ಎಪ್ಪತ್ತು. ನಾಲ್ಕಕ್ಕೆ ಎಂಬತ್ತೊಂದೂವರೆ. ಸರಾಸರಿ ತೆಗೆದುಬಿಡಿ ಎಂದು ಹೋಟೆಲಿನವನು ಸೂಚಿಸಿದ. ಎಪ್ಪತ್ತೂವರೆ ಬರುತ್ತದೆ, ಆದರೆ ದಕ್ಷಿಣಾಯನದಲ್ಲಿ ಬೇರೆ ಬರುತ್ತದೆ ಎಂದು ನಾನು ಹೇಳಬೇಕಾಯಿತು.

ಮಾಲೀಕರು ಅಜ್ಜಿಯ ಮುಂದೆ ಕುಕ್ಕರುಗಾಲಲ್ಲಿ ಕೂತರು. “ಅಜ್ಜೀ, ಒಂದ್ ಕಡೆ ಕೂತ್ಕಳ್ಳಮ್ಮ. ನಿನ್ನಿಂದ ನಮ್ ಜಾಗ ಅಲ್ಲಾಡ್ತಾ ಐತೆ.”

“ಬಿಸ್ಲು ಬಂದ್ರೆ ಎದ್ದೋಗ್ದೆ ಇನ್ನೇನ್ಲಾ ಮಾಡ್ಲಿ? ನಿನ್ ಜಾಗಕ್ಕೆ ನಾನ್ ಬೇಯ್ಲಾ?”

ಜೂನಿಯರ್ ಹೊಸ ಕರಾರು ಬರೆದಳು. ದಕ್ಷಿಣಕ್ಕೆ ಅಜ್ಜಿಯ ಬದಲು ಕಲ್ಲುಕಂಬ ನೆಡಿಸಿದೆವು. ಎಲ್ಲರೂ ಒಪ್ಪಿದರು. ಒಪ್ಪದವರು ಅಜ್ಜಿ ಒಬ್ಬರೇ. ಹಳೆ ಕರಾರಿನ ಜೆರಾಕ್ಸ್ ಬೇಕೆಂದು ಹಟ ಹಿಡಿದು ಇಸಿದುಕೊಂಡರು. ಈಗ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬುಟ್ಟಿಯ ತಳದಲ್ಲಿ ಇಟ್ಟಿದ್ದಾರೆ. ಅಂಗಡಿ ಎತ್ತಿಸಲು ಯಾರಾದರೂ ಬಂದರೆ ತೆಗೆದು ತೋರಿಸುತ್ತಾರಂತೆ: “ಓದ್ಕಳ್ಲಾ. ನನ್ನ ಎಬ್ಬುಸಿದ್ರೆ ಬೆಟ್ಟದ್ ತಂಕ ಅಳತೆ ತಪ್ತದೆ!”

ನೋಟೀಸು ಯಾರಿಗೆ?

ಮೂರು ತಿಂಗಳು ತುಂಬುವ ಹೊತ್ತಿಗೆ ನಲವತ್ತೊಂದರಲ್ಲಿ ಮೂವತ್ತಾರು ಮಾಲೀಕರು ಉಳಿದರು. ಮೂವರು ಕಾಗದ ಒಯ್ದರು. ಇಬ್ಬರು ಒಯ್ದು ವಾರದೊಳಗೆ ತಂದು ಕೊಟ್ಟರು. ಅವರನ್ನೂ ಸೇರಿಸಿದರೆ ಮೂವತ್ತೆಂಟು. ಜನ ಉಳಿದರು, ಆದರೆ ಕೋಣೆ ಸಿಗಲಿಲ್ಲ. ಬಸ್ ನಿಲ್ದಾಣದ ಸುತ್ತ ನೋಡಿದ್ದೆಲ್ಲ ನಮ್ಮ ಕೈಗೆ ಎಟುಕದ್ದು. ಜೂನಿಯರ್ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ತಂದು ಗೋಡೆಗೆ ಒಟ್ಟಿದ್ದಳು. ತುಮಕೂರಿನ ಆಫೀಸೊಂದಕ್ಕೆ ಸೋಮವಾರ ಬರುತ್ತೇನೆ ಎಂದು ಹೇಳಿಯೂ ಆಗಿತ್ತು.

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟು ನಾನು ಅಲ್ಲಿಗೆ ಹೋದೆ. ಇಬ್ಬರೂ ಮೊದಲ ಬೀರು ತೆಗೆದು ಕೂತಿದ್ದಾಗ ಸಾಹುಕಾರರು ಮೆಟ್ಟಿಲು ಹತ್ತಿ ಬಂದರು. ಕಕ್ಷಿದಾರರ ಬೆಂಚಿನ ಮೇಲೆ ಕೂತು ಪಂಚೆ ಸರಿಮಾಡಿಕೊಂಡರು.

“ಒಂದು ನೋಟೀಸು ಕೊಡಿಸಬೇಕಾಗಿತ್ತಮ್ಮಾ.”

ಜೂನಿಯರ್ ಅಭ್ಯಾಸದಂತೆ ಹಾಳೆ, ಪೆನ್ನು ತೆಗೆದಳು. “ಹೇಳಿ ಸಾಹುಕಾರ್ರೆ. ಯಾರಿಗೆ?”

“ನಿಮಗೇ.”

ಪೆನ್ನು ಹಾಳೆಯ ಮೇಲೆಯೇ ನಿಂತಿತು.

“ಈ ಕೋಣೆ ಖಾಲಿ ಮಾಡಿ ಅಂತ. ಲ್ಯಾಬಿನೋರು ಬಾಯಿಮಾತು ಸಾಲದು, ನೋಟೀಸು ಕೊಟ್ಟಿದ್ದು ತೋರಿಸಿ ಅಂತಾರೆ. ಸ್ವಲ್ಪ ಗಟ್ಟಿಯಾಗಿ ಬರೀರಿ. ವಕೀಲರು ಬರೀತಿದ್ರಲ್ಲ, ಓದಿದೋನು ನೀರು ಕುಡೀಬೇಕು, ಹಾಗೆ.”

“ನನಗೆ ನಾನೇ ನೋಟೀಸ್ ಕೊಡಕ್ಕಾಗಲ್ಲ ಸಾಹುಕಾರ್ರೆ.”

“ಯಾಕಾಗಲ್ಲ? ಇಪ್ಪತ್ತಾರು ವರ್ಷದಿಂದ ನನ್ನ ನೋಟೀಸೆಲ್ಲ ಈ ಕೋಣೆಯಿಂದಲೇ ಹೋಗಿರೋದು.”

“ಬೇರೆ ವಕೀಲರ ಹತ್ರ ಹೋಗಿ.”

“ಹೋಗಿದ್ದೆನಮ್ಮಾ. ಕರಾರು ಎಲ್ಲಿ ಅಂದ್ರು. ಇಲ್ಲ ಅಂದೆ. ಹಾಗಾದ್ರೆ ಕಟ್ಟಡದ ಪತ್ರ ತನ್ನಿ ಅಂದ್ರು. ಅದು ನಿಮ್ಮ ಬೀರುವಿನಲ್ಲಿದೆ. ಅದನ್ನ ತಗೊಂಡು ಹೋಗೋಣ ಅಂತಲೇ ಹೊರಟೆ. ಮೆಟ್ಟಿಲು ಹತ್ತುವಾಗ ಅನ್ನಿಸ್ತು, ಹೇಗೂ ಇಷ್ಟು ದೂರ ಹತ್ತಿದ್ದೀನಿ, ನೋಟೀಸೂ ಇಲ್ಲೇ ಬರೆಸಿಬಿಡೋಣ ಅಂತ.”

ನನಗೆ ನಗು ತಡೆಯಲಾಗಲಿಲ್ಲ. ಮೂರು ತಿಂಗಳಲ್ಲಿ ಮೊದಲ ಸಲ ಗಟ್ಟಿಯಾಗಿ ನಕ್ಕೆ. ಸಾಹುಕಾರರು ನಾನು ನಕ್ಕದ್ದಕ್ಕೆ ಬೇಸರಪಡದೆ ಕಾಯುತ್ತ ಕೂತರು.

“ಆ ವಕೀಲರು ಇನ್ನೇನಂದ್ರು?” ಎಂದಳು ಜೂನಿಯರ್.

“ಕೋರ್ಟಿಗೆ ಹೋದ್ರೆ ನಿಮ್ಮನ್ನ ಎಬ್ಬಿಸಕ್ಕೆ ಐದಾರು ವರ್ಷ ಆಗುತ್ತೆ ಅಂದ್ರು. ನಿಜವೇನಮ್ಮಾ?”

ಅವಳು ಒಂದು ಕ್ಷಣ ನನ್ನನ್ನು ನೋಡಿದಳು. ನಾನು ಬೀರುವಿನ ಕಡೆ ತಿರುಗಿದೆ. ನಿಜವೆಂದು ತಲೆ ಆಡಿಸಿದ್ದರೆ ಸಾಕಾಗಿತ್ತು. ಅವರು ಆ ಮೆಟ್ಟಿಲಲ್ಲೇ ಇಳಿದು ಹೋಗುತ್ತಿದ್ದರು.

“ಸಾಹುಕಾರ್ರೆ, ನಾವು ಹಟ ಮಾಡಿದ್ರೆ ಆಗುತ್ತೆ. ಆದ್ರೆ ನಾವು ಹಟ ಮಾಡೋಕೆ ಕಾರಣ ಇಲ್ಲ. ಕರಾರು ಇಲ್ಲದಿದ್ರೆ ತಿಂಗಳ ಬಾಡಿಗೆ ಲೆಕ್ಕ. ಹದಿನೈದು ದಿನದ ನೋಟೀಸು ಸಾಕು. ನಿಮ್ಮ ಜಾಗ, ನಿಮ್ಮ ಹಕ್ಕು.”

ಸಾಹುಕಾರರು ಕನ್ನಡಕ ತೆಗೆದು ಒರೆಸಿದರು. “ನಿಮ್ಮ ಮೇಲೇ ನನಗೆ ಕಾನೂನು ಹೇಳಿಕೊಡ್ತಾ ಇದ್ದೀರಲ್ಲಮ್ಮಾ?”

“ಕೇಳಿದ್ರಲ್ಲ.”

“ಆ ಲ್ಯಾಬಿನೋರ ಕರಾರು ಯಾರು ಬರೀತಾರೆ?”

“ಯಾರಾದರೂ ಬರೀತಾರೆ.”

“ಯಾರಾದರೂ ಬರೆದದ್ದನ್ನ ನಾನು ಯಾವತ್ತು ಸಹಿ ಮಾಡಿದ್ದೀನಿ? ನೀವೇ ಬರೀಬೇಕು. ಟೀಚರಮ್ಮ ಓದಬೇಕು. ನಾಳೆ ಅವರ ನೀರು ಸೋರಿ ನನ್ನ ಎಣ್ಣೆ ಅಂಗಡಿಗೆ ಬಂದ್ರೆ ನಾನು ಎಲ್ಲಿಗೆ ಹತ್ತಿ ಬರಲಿ? ತುಮಕೂರಿಗಾ?” ಸಾಹುಕಾರರಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು, ಯಾರ ಮೇಲೆ ಎಂದು ಮಾತ್ರ ಗೊತ್ತಿರಲಿಲ್ಲ. “ಇದೇನು ನ್ಯಾಯ? ನನ್ನ ವಕೀಲರನ್ನ ನಾನು ಹೊರಗೆ ಹಾಕಬೇಕಾದ್ರೆ ನನ್ನ ವಕೀಲರೇ ಬೇಕು. ಹಾಕಿದ ಮೇಲೆ ಬಂದೋರನ್ನ ಹದ್ದುಬಸ್ತಿನಲ್ಲಿ ಇಡೋಕೂ ನನ್ನ ವಕೀಲರೇ ಬೇಕು!”

ಎದ್ದು ಬಾಗಿಲವರೆಗೆ ಹೋದರು. ಪಕ್ಕದ ಎರಡು ಕೋಣೆಗಳ ಉದ್ದವನ್ನು ಹೆಜ್ಜೆಯಲ್ಲಿ ಅಳೆದು ಬಂದರು. ದರ್ಜಿ ಹೇಗೂ ಮುಂದಿನ ತಿಂಗಳು ಮಗಳ ಊರಿಗೆ ಹೋಗುವವನು. ವಿಮಾ ಏಜೆಂಟರು ಕೋಣೆಗೆ ಬರುವುದೇ ವಾರಕ್ಕೊಮ್ಮೆ.

“ರಕ್ತ ತೆಗೆಯೋಕೆ ಎಷ್ಟು ಜಾಗ ಬೇಕು? ಎರಡು ಕೋಣೆ ಸಾಕು” ಎಂದು ಅಲ್ಲಿಂದಲೇ ಘೋಷಿಸಿದರು. “ಬೇಕಿದ್ರೆ ಇರಲಿ, ಬೇಡದಿದ್ರೆ ಬೇರೆ ಮಹಡಿ ನೋಡ್ಕೊಳ್ಳಲಿ. ಆ ಪೆಟ್ಟಿಗೆ ಎಲ್ಲ ಎತ್ತಿಡಿ.”

“ಇಡ್ತೀವಿ. ಆದ್ರೆ ಈ ಕೋಣೆಗೆ ಇವತ್ತೇ ಒಂದು ಕರಾರು ಮಾಡಬೇಕು ಸಾಹುಕಾರ್ರೆ” ಎಂದಳು ಜೂನಿಯರ್.

“ಇಪ್ಪತ್ತಾರು ವರ್ಷ ಇಲ್ಲದ್ದು ಈಗ್ಯಾಕಮ್ಮಾ? ನನ್ನ ಮೇಲೆ ನಂಬಿಕೆ ಇಲ್ವಾ?”

“ನಂಬಿಕೆ ಇದೆ. ನೀವು ಮುಂದಿನ ಶನಿವಾರ ಇನ್ನೊಂದು ಸಲ ನೋಟೀಸು ಬರೆಸೋಕೆ ಬಂದ್ರೆ ಫೀಸು ಯಾರು ಕೊಡಬೇಕು ಅಂತ ಕರಾರಿನಲ್ಲಿ ಇರಬೇಕಲ್ಲ, ಅದಕ್ಕೆ.”

ಸಾಹುಕಾರರು ಒಪ್ಪಿದರು. “ಆ ಕಲಮು ಮರೀಬೇಡಿ. ಈ ಸಲದ್ದೂ ಅದರಲ್ಲೇ ಸೇರಿಸಿ. ಬರೆಯದ ನೋಟೀಸಿಗೆ ನಾನು ಫೀಸು ಕೊಡಲ್ಲ.”

ಸಂಜೆಯೊಳಗೆ ಜೂನಿಯರ್ ಕರಾರು ಟೈಪ್ ಮಾಡಿದಳು. ಮಾಲೀಕರು ಸಾಹುಕಾರರು, ಬಾಡಿಗೆದಾರಳು ಅವಳು, ಒಂದನೆಯ ಸಾಕ್ಷಿ ನಾನು. ಓದಿ ನೋಡಿ ಮೂರು ತಪ್ಪು ತಿದ್ದಿದೆ. ಸಾಕ್ಷಿಯ ಜಾಗದಲ್ಲಿ ನನ್ನ ಹೆಸರಿನ ಮುಂದೆ ‘ಕೋಂ’, ಅಂದರೆ ಇಂಥವರ ಹೆಂಡತಿ, ಎಂದು ಹಾಕಿ ಯಜಮಾನರ ಹೆಸರು ಬರೆದಿದ್ದಳು. ಅವರ ಹೆಸರಿನ ಹಿಂದೆ ‘ಲೇಟ್’ ಎಂಬ ಪದ ಇರಲಿಲ್ಲ. ಅದರ ಕೆಳಗೆ ನಾನು ಸಹಿ ಮಾಡಿದೆ.